ತವರೂರಿನಲ್ಲಿ ಪ್ರವಾಸಿಗಳಾಗಿ ಎರಡು ದಿನ

ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ನೆಲೆಸಿದ ಈ ಒಂಬತ್ತು ವರ್ಷಗಳಲ್ಲಿ ವಾರಾಂತ್ಯದ ಪ್ರವಾಸವೆಂಬುದು ನಮ್ಮ ಮನೆಯಲ್ಲಿ ಹಿಡಿದ ವ್ರತದಂತೆ ನಡೆದುಬಂದಿದೆ. ಶುಕ್ರವಾರ ಸಂಜೆ ಕೆಲಸ ಮುಗಿಸಿ, ಬೆನ್ನಿಗೊಂದು ಚೀಲ ಹಾಕಿಕೊಂಡು ರೈಲು ಹತ್ತುವುದು, ಶನಿವಾರ ಯಾವುದಾದರೊಂದು ಊರಿನ ಕೋಟೆಯನ್ನೂ ಪೇಟೆಯನ್ನೂ ಸುತ್ತುವುದು, ಭಾನುವಾರ ಅಲ್ಲಿನ ವಸ್ತುಸಂಗ್ರಹಾಲಯ ನೋಡಿಕೊಂಡು ರಾತ್ರಿಯೊಳಗೆ ಮನೆ ಸೇರುವುದು. ಸ್ಟರ್ಲಿಂಗ್, ಗ್ಲಾಸ್ಗೊ, ಯಾರ್ಕ್, ಡರಮ್ ಎಲ್ಲವನ್ನೂ ಹೀಗೆಯೇ ನೋಡಿದ್ದೇವೆ. ಹನ್ನೊಂದು ವರ್ಷದ ನನ್ನ ಮಗ ಇದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಊರಿಗೊಂದು ಪುಟ, ಪುಟಕ್ಕೆ ನಾಲ್ಕು ಅಂಕಣ: ಕೋಟೆ, ಕಲ್ಲು, ತಿಂಡಿ, ರೈಲು. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾನೆ. ಕಲ್ಲಿಗೇಕೆ ಅಂಕಣ ಎಂದು ಕೇಳುವವರು ಎಡಿನ್‌ಬರೊವನ್ನು ನೋಡಿಲ್ಲವೆಂದೇ ಅರ್ಥ. ಅಲ್ಲಿನ ಕೋಟೆ ನಿಂತಿರುವುದು ಸುಮಾರು 35 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯೊಂದರ ಗಂಟಲಿನಲ್ಲಿ ಹೆಪ್ಪುಗಟ್ಟಿದ ಕಪ್ಪು ಕಲ್ಲಿನ ಮೇಲೆ; ಭೂವಿಜ್ಞಾನಕ್ಕೆ ಬುನಾದಿ ಹಾಕಿದ ಜೇಮ್ಸ್ ಹಟನ್ ಹುಟ್ಟಿದ್ದೂ ಅದೇ ಊರಿನಲ್ಲಿ. ಅಲ್ಲಿ ಮಕ್ಕಳಿಗೆ ಅಕ್ಷರದ ಜೊತೆಯಲ್ಲೇ ಕಲ್ಲನ್ನೂ ಕಲಿಸುತ್ತಾರೇನೋ ಎಂದು ನನಗೆ ಅನ್ನಿಸುವುದುಂಟು.

ಕಳೆದ ಬೇಸಿಗೆಯಲ್ಲಿ ಒಂದು ದಿನ ಆ ಕೋಟೆಯ ಮೇಲೆ, 1861ರಿಂದಲೂ ಮಧ್ಯಾಹ್ನ ಒಂದು ಗಂಟೆಗೆ ಹಾರಿಸುತ್ತಾ ಬಂದಿರುವ ತೋಪಿನ ಸದ್ದಿಗಾಗಿ ಕಾಯುತ್ತಾ ನಿಂತಿದ್ದಾಗ ಮಗ ಕೇಳಿದ: "ಅಮ್ಮಾ, ನಿಮ್ಮ ಬಳ್ಳಾರಿಯಲ್ಲೂ ಕಲ್ಲಿನ ಮೇಲೆ ಕೋಟೆ ಇದೆ ಅಂತೀಯಲ್ಲ, ಅದರ ಮೇಲಿಂದ ಏನು ಕಾಣುತ್ತೆ?" ನನ್ನಲ್ಲಿ ಉತ್ತರವಿರಲಿಲ್ಲ. ಹದಿನೆಂಟು ವರ್ಷ ಆ ಗುಡ್ಡದ ಬುಡದಲ್ಲಿ ಬೆಳೆದವಳು ನಾನು. ನಮ್ಮ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವಾಗ, ಪರೀಕ್ಷೆಗೆ ಓದುವಾಗ, ಕರೆಂಟು ಹೋದ ರಾತ್ರಿಗಳಲ್ಲಿ ಚಾಪೆ ಹಾಸಿ ಮಲಗುವಾಗ ಅದು ಕಣ್ಣೆದುರಿಗೇ ಇತ್ತು. ಆದರೆ ಹತ್ತಿದ್ದೇ ಇಲ್ಲ. ಗುಡ್ಡವೆಂದರೆ ನಮಗೆ ದಿಕ್ಕು ತೋರಿಸುವ ಗುರುತು. ಯಾರಾದರೂ ಮನೆಯ ದಾರಿ ಕೇಳಿದರೆ "ಗುಡ್ಡದ ಕಡೆ ಮುಖ ಮಾಡಿ ಬರ್ರಿ" ಎಂದರೆ ಸಾಕಾಗಿತ್ತು.

ಆದ್ದರಿಂದ ಡಿಸೆಂಬರಿನಲ್ಲಿ ಬೆಂಗಳೂರಿನ ಮದುವೆಯೊಂದಕ್ಕೆ ಬಂದಾಗ ನಡುವೆ ಸಿಕ್ಕ ಒಂದು ವಾರಾಂತ್ಯವನ್ನು ಬಳ್ಳಾರಿಗೆ ಮೀಸಲಿಟ್ಟೆ. ನೆಂಟರ ಮನೆಗಳ ಸುತ್ತಾಟ ಇಲ್ಲ, ಅರಿಶಿನ ಕುಂಕುಮದ ಕರೆಗಳಿಗೆ ಹೋಗುವುದಿಲ್ಲ, ನಾವು ಬರುತ್ತಿರುವುದು ಊರು ನೋಡಲಿಕ್ಕೆ ಎಂದು ಅಣ್ಣನಿಗೆ ಮೊದಲೇ ಫೋನ್ ಮಾಡಿ ತಿಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಳ್ಳಾರಿ ನೋಡಾಕ ಯಾರು ಬರ್ತಾರವ್ವಾ? ಬಿಸಿಲು ನೋಡಾಕೇನು?" ಎಂದ.

ಶುಕ್ರವಾರ

ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ನಮಗೆ ಸಿಕ್ಕಿದ್ದು ಒಂದು ಮೇಲಿನ ಬರ್ತ್, ಒಂದು ಪಕ್ಕದ ಬರ್ತ್. ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ, ಮಗ ಮಾತ್ರ ಮಲಗಿಕೊಂಡು ಹೋಗುವ ರೈಲನ್ನು ಮೊದಲ ಬಾರಿ ಕಂಡವನಾದ್ದರಿಂದ ಗುಂತಕಲ್ ಬರುವವರೆಗೂ ನಿದ್ದೆ ಮಾಡಲಿಲ್ಲ. ಅಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಕರ್ನಾಟಕದ ಊರಿನಿಂದ ಕರ್ನಾಟಕದ ಊರಿಗೆ ಹೋಗುವ ರೈಲು ಆಂಧ್ರದಲ್ಲಿ ಏಕೆ ನಿಲ್ಲುತ್ತದೆ ಎಂದು ಅವನು ಕೇಳಿದ. ಆ ಹೊತ್ತಿನಲ್ಲಿ ಇತಿಹಾಸ ಹೇಳುವುದು ಕಷ್ಟವೇ ಆದರೂ ಹೇಳಿದೆ: ಬಳ್ಳಾರಿ ಜಿಲ್ಲೆ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಗೆರೆ ಎಳೆದದ್ದು ನೆಲದ ಮೇಲೆ. ನಾಲಿಗೆಯ ಮೇಲೆ ಯಾರೂ ಎಳೆಯಲಿಲ್ಲ, ಆದ್ದರಿಂದಲೇ ನಿನ್ನ ಮಾಮ ಅಂಗಡಿಯಲ್ಲಿ ಕನ್ನಡದಲ್ಲಿ ಚೌಕಾಸಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಾನೆ ಎಂದೆ. ಅಷ್ಟರಲ್ಲಿ ಅವನಿಗೆ ನಿದ್ದೆ ಬಂದಿತ್ತು.

ಶನಿವಾರ

ಬೆಳಗಿನ ಜಾವ ಅಣ್ಣ ನಿಲ್ದಾಣದ ಹೊರಗೆ ಮಂಕಿ ಟೋಪಿ ಹಾಕಿಕೊಂಡು ನಿಂತಿದ್ದ. ಬಳ್ಳಾರಿಯಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಗುವವರು ಡಿಸೆಂಬರಿನ ಈ ಹೊತ್ತಿನಲ್ಲಿ ಬಂದು ನೋಡಬೇಕು. ಮನೆಗೆ ಹೋಗಿ ಮುಖ ತೊಳೆದು, ಅತ್ತಿಗೆ ಕೊಟ್ಟ ಚಹಾ ಕುಡಿದು, ಬಿಸಿಲೇರುವ ಮೊದಲೇ ಮೂವರೂ ಗುಡ್ಡದ ಕಡೆ ಹೊರಟೆವು. ಅಣ್ಣನೂ ಬರುತ್ತಾನೆಂದು ನಾನು ಎಣಿಸಿರಲಿಲ್ಲ. ಐವತ್ತರ ಹತ್ತಿರ ಬಂದ ಅವನೂ ಅದನ್ನು ಹತ್ತಿರಲಿಲ್ಲವಂತೆ.

ಬಳ್ಳಾರಿ ಕೋಟೆಯಲ್ಲಿ ಎರಡು ಭಾಗಗಳಿವೆ. ಗುಡ್ಡದ ನೆತ್ತಿಯ ಮೇಲಿರುವುದು ವಿಜಯನಗರದ ಅರಸರಿಗೆ ಅಧೀನನಾಗಿದ್ದ ಹನುಮಪ್ಪ ನಾಯಕನ ಹೆಸರಿನೊಡನೆ ತಳುಕು ಹಾಕಿಕೊಂಡಿರುವ ಮೇಲುಕೋಟೆ; ಬುಡವನ್ನು ಸುತ್ತುವರಿದಿರುವುದು 18ನೇ ಶತಮಾನದಲ್ಲಿ ಹೈದರಾಲಿ ಫ್ರೆಂಚ್ ಎಂಜಿನಿಯರನೊಬ್ಬನ ಕೈಯಲ್ಲಿ ಕಟ್ಟಿಸಿದ ಕೆಳಕೋಟೆ. ಕೆಳಕೋಟೆಯೊಳಗೆ ಬ್ರಿಟಿಷರ ಕಾಲದಲ್ಲಿ ಮದ್ದಿನ ಮನೆ, ಸೈನಿಕರ ಬ್ಯಾರಕ್ಕು, ಚರ್ಚು ಎಲ್ಲವೂ ಇದ್ದವು. ಈಗಲೂ ಅಲ್ಲಿ ಜನ ಓಡಾಡಿಕೊಂಡಿದ್ದಾರೆ, ಆದ್ದರಿಂದ ಕೋಟೆಯನ್ನು ಹೊಕ್ಕಿದ್ದೇವೆ ಎಂಬ ಭಾವನೆ ತಕ್ಷಣ ಬರುವುದಿಲ್ಲ. ಕೋಟೆ ಮಲ್ಲೇಶ್ವರ ಗುಡಿಯ ಮುಂದೆ ಅಣ್ಣ ಮಗನಿಗೆ ಊರಿನ ಹೆಸರಿನ ಕಥೆ ಹೇಳಿದ. ಲಿಂಗಪೂಜೆ ಮಾಡದೆ ಊಟ ಮಾಡದ ವ್ಯಾಪಾರಿಯೊಬ್ಬ ಇಲ್ಲಿ ಬೀಡುಬಿಟ್ಟಾಗ ಎಲ್ಲಿಯೂ ಲಿಂಗ ಸಿಗದೆ, ಕಾಳು ಅಳೆಯುವ ಬಳ್ಳವನ್ನೇ ಬೋರಲು ಹಾಕಿ ಪೂಜಿಸಿದನಂತೆ. ಮರುದಿನ ಅದನ್ನು ಎತ್ತಲು ಹೋದರೆ ಅಲ್ಲಾಡಲಿಲ್ಲವಂತೆ. ಬಳ್ಳದಿಂದ ಬಳ್ಳೇಶ್ವರ, ಅದರಿಂದ ಬಳ್ಳಾರಿ. ಇಂದ್ರನು ಬಲನೆಂಬ ಅಸುರನನ್ನು ಕೊಂದ ಸ್ಥಳವೆಂಬ ಇನ್ನೊಂದು ಕಥೆಯೂ ಇದೆ, ಆದರೆ ನನಗೆ ಬಳ್ಳದ ಕಥೆಯೇ ಹೆಚ್ಚು ಪ್ರಿಯ. ವ್ಯಾಪಾರದ ಊರಿಗೆ ಅಳತೆಯ ಪಾತ್ರೆಗಿಂತ ತಕ್ಕ ದೇವರು ಯಾವುದು?

ಅಲ್ಲಿಂದ ಮೇಲಕ್ಕೆ ಹತ್ತುವ ದಾರಿ ಕೆಲವೆಡೆ ಮೆಟ್ಟಿಲು, ಕೆಲವೆಡೆ ಬರೀ ಬಂಡೆ. ದೂರದಿಂದ ಒಂದೇ ಬಣ್ಣವಾಗಿ ಕಾಣುವ ಗುಡ್ಡ ಹತ್ತಿರದಲ್ಲಿ ಬೇರೆಯೇ ಆಗಿದೆ. ಕಣಶಿಲೆಯ ಮೈಯಲ್ಲಿ ನಸುಗೆಂಪು ಹರಳುಗಳೂ ಕರಿಯ ಅಭ್ರಕದ ಚೂರುಗಳೂ ಬೆಳಗಿನ ಓರೆ ಬಿಸಿಲಿಗೆ ಮಿನುಗುತ್ತಿದ್ದವು. ಕೆಲವು ಕಡೆ ಈರುಳ್ಳಿಯ ಸಿಪ್ಪೆಯಂತೆ ಒಂದು ಗೇಣು ದಪ್ಪದ ಪದರವೇ ತಾಯಿಬಂಡೆಯಿಂದ ಬಿಟ್ಟುಕೊಂಡು ನಿಂತಿತ್ತು, ಅದರ ಮೇಲೆ ಕಾಲಿಟ್ಟರೆ ಖಾಲಿ ಕೊಡದ ಮೇಲೆ ಬಡಿದಂತೆ ಸದ್ದಾಗುತ್ತಿತ್ತು. ಹಗಲಿನ ಕಾವಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ ಹೀಗಾಗುತ್ತದೆ ಎಂದು ಮಗ ಮಾಮನಿಗೆ ಪಾಠ ಹೇಳಿದ. ಈ ಸೀಮೆಯ ಕಣಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ ಎಂದು ನಾನು ಹೇಳಿದಾಗ ಅವನು ಹತ್ತುವುದನ್ನು ನಿಲ್ಲಿಸಿ ಬೆರಳು ಮಡಚಿ ಲೆಕ್ಕ ಹಾಕಿದ. ಎಡಿನ್‌ಬರೊದ ಬಂಡೆಗಿಂತ ಏಳು ಪಟ್ಟು ಹಳೆಯದು! ಅವನ ಮುಖದಲ್ಲಿ ತನ್ನ ಊರು ಪಂದ್ಯದಲ್ಲಿ ಸೋತವನ ಬೇಸರವಿತ್ತು.

ಮೇಲುಕೋಟೆಗೆ ಒಂದೇ ದಾರಿ. ಬಾಗಿಲು ದಾಟಿ ಒಳಗೆ ಹೋದರೆ ಅರಮನೆ, ಅಂತಃಪುರ ಎಂದು ತೋರಿಸುವಂಥದ್ದು ಬಹಳವೇನೂ ಇಲ್ಲ. ಹೆಂಡತಿಯನ್ನು ಕೊಂದ ತಪ್ಪಿಗಾಗಿ ಕರ್ನೂಲಿನ ನವಾಬನನ್ನು ಬ್ರಿಟಿಷರು ಇಲ್ಲಿಯೇ ಸೆರೆಯಿಟ್ಟಿದ್ದರು ಎಂಬುದನ್ನು ನೆನೆದರೆ ಆ ಬಯಲು ಇನ್ನಷ್ಟು ಬೋಳಾಗಿ ಕಾಣುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ದೊಣೆಗಳು. ಬಂಡೆಯ ಸೀಳುಗಳಿಗೇ ಕಟ್ಟೆ ಕಟ್ಟಿ, ಬಿದ್ದ ಮಳೆಯ ಹನಿ ಹೊರಗೆ ಹರಿಯದಂತೆ ಇಳಿಜಾರನ್ನು ಗಮನಿಸಿ ಅವನ್ನು ಮಾಡಿದ್ದಾರೆ. ಡಿಸೆಂಬರಿನಲ್ಲೂ ಒಂದರಲ್ಲಿ ಪಾಚಿಗಟ್ಟಿದ ಹಸಿರು ನೀರಿತ್ತು. ಮುತ್ತಿಗೆ ಹಾಕಿದವನು ಗೋಡೆಯನ್ನಲ್ಲ, ಈ ನೀರನ್ನೇ ಎಣಿಸುತ್ತಿದ್ದಿರಬೇಕು.

ಎದುರಿಗೆ ಕುಂಬಾರ ಗುಡ್ಡ. ಆಗ್ನೇಯ ದಿಕ್ಕಿನಿಂದ ನೋಡಿದರೆ ಮಲಗಿರುವ ಮನುಷ್ಯನ ಮುಖದಂತೆ ಕಾಣುವುದರಿಂದ ಇಂಗ್ಲಿಷರು ಅದನ್ನು ಫೇಸ್ ಹಿಲ್ ಎಂದರು. ಈ ಗುಡ್ಡದ ವಿಷಯದಲ್ಲಿ ಬಳ್ಳಾರಿಯ ಪ್ರತಿ ಮಗುವಿಗೂ ಗೊತ್ತಿರುವ ಕಥೆಯೆಂದರೆ, ಕೋಟೆಯನ್ನು ಪೂರೈಸಿದ ಮೇಲೆ ಎದುರಿನ ಗುಡ್ಡ ಇದಕ್ಕಿಂತ ಎತ್ತರವಿದ್ದು ಅಲ್ಲಿಂದ ತೋಪು ಹಾರಿಸಬಹುದೆಂಬುದನ್ನು ಕಂಡ ಹೈದರಾಲಿ ಆ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದ ಎಂಬುದು. ಚಿಕ್ಕಂದಿನಲ್ಲಿ ನಂಬಿದ್ದ ಕಥೆಯನ್ನು ಅಲ್ಲಿ ನಿಂತು ನೋಡಿದಾಗ ನನಗೆ ಅನುಮಾನವಾಯಿತು. ಮೇಲುಕೋಟೆಗೆ ಈ ಗುಡ್ಡವನ್ನು ಆರಿಸಿದವನು ಎಂಜಿನಿಯರನಲ್ಲ, ಅವನಿಗಿಂತ ಎಷ್ಟೋ ಕಾಲ ಮೊದಲಿದ್ದ ನಾಯಕ. ಜೊತೆಗೆ, ಎದುರಿನ ಗುಡ್ಡದ ಎತ್ತರ ಕಣ್ಣಿದ್ದ ಯಾರಿಗೂ ಮೊದಲ ದಿನವೇ ಕಾಣುವಂಥದ್ದು. ಅಣ್ಣ ಇದನ್ನು ಒಪ್ಪಲಿಲ್ಲ. "ಕಂಟ್ರಾಕ್ಟರ್ ಮ್ಯಾಲಿನ ಸಿಟ್ಟು ಮಾಲೀಕರಿಗೆ ಬಿಲ್ ಬಂದ ಮ್ಯಾಲೇ ಬರೋದು" ಎಂದ. ಅದರಲ್ಲಿಯೂ ಸತ್ಯವಿಲ್ಲದೆ ಇಲ್ಲ.

ಗೋಡೆಯ ಅಂಚಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಮಸುಕಿನಲ್ಲಿ ಸಂಡೂರಿನ ಬೆಟ್ಟಸಾಲು, ಕೆಳಗೆ ಪೇಟೆ, ರೈಲು ಹಳಿ, ಗುಡಿಗಳ ಗೋಪುರಗಳು. ಮಗ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದ ನಾನು ನಮ್ಮ ಓಣಿಯನ್ನು ಹುಡುಕತೊಡಗಿದೆ. ಅಣ್ಣನಿಗೇ ಮೊದಲು ಸಿಕ್ಕಿತು: ಬೇವಿನ ಮರ, ಅದರ ಪಕ್ಕ ನೀಲಿ ಬಣ್ಣದ ನೀರಿನ ಟ್ಯಾಂಕು. ಅವನು ಅತ್ತಿಗೆಗೆ ಫೋನ್ ಮಾಡಿ, "ಮಾಳಿಗೀ ಮ್ಯಾಲೆ ಬಾ, ಗುಡ್ಡದ ಕಡೆ ನೋಡು" ಎಂದ. ಎರಡು ನಿಮಿಷಕ್ಕೆ ಟ್ಯಾಂಕಿನ ಪಕ್ಕದಲ್ಲಿ ಅರಿಶಿನ ಬಣ್ಣದ ಒಂದು ಚುಕ್ಕೆ ಬಂದು ನಿಂತಿತು. ಕೈಯೆತ್ತಿತೋ, ಕಣ್ಣಿಗೆ ಕೈ ಅಡ್ಡ ಹಿಡಿಯಿತೋ ತಿಳಿಯಲಿಲ್ಲ. "ಎಲ್ಲಿದ್ದೀರಿ? ನನಗೇನೂ ಕಾಣವಲ್ದು, ಬರೀ ಕಲ್ಲು" ಎಂಬ ಅವಳ ದನಿ ಫೋನಿನಿಂದ ಕೇಳಿಸಿತು. ಮಗ ತನ್ನ ಕೆಂಪು ಜಾಕೆಟ್ಟು ಬಿಚ್ಚಿ ಬೀಸಿದ. ಅದೂ ಕಾಣಲಿಲ್ಲ. ಹದಿನೆಂಟು ವರ್ಷ ಆ ಟ್ಯಾಂಕಿನ ಬಳಿ ನಿಂತು ಈ ಗೋಡೆಯನ್ನು ನೋಡಿದವಳಿಗೆ ಇಲ್ಲಿ ಯಾರಾದರೂ ನಿಂತಿದ್ದರೋ ಇಲ್ಲವೋ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಇಳಿಯುವಾಗ ಮನ್ರೋ ವಿಚಾರ ಬಂತು. 1800ರಲ್ಲಿ ನಿಜಾಮ ಈ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಈ ದತ್ತ ಮಂಡಲಕ್ಕೆ ಪ್ರಧಾನ ಕಲೆಕ್ಟರನಾಗಿ ಬಂದು, 1807ರವರೆಗೆ ಡೇರೆಯಿಂದ ಡೇರೆಗೆ ತಿರುಗುತ್ತಾ ರೈತರೊಡನೆ ನೇರವಾಗಿ ಕಂದಾಯ ನಿಗದಿ ಮಾಡುವ ರೈತವಾರಿ ಪದ್ಧತಿಯನ್ನು ಇಲ್ಲಿ ಬೇರೂರಿಸಿದ ಥಾಮಸ್ ಮನ್ರೋ ಹುಟ್ಟಿದ್ದು ಗ್ಲಾಸ್ಗೊದಲ್ಲಿ. ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿ. ಸ್ಕಾಟ್ಲೆಂಡಿನಲ್ಲಿ ಮೂರು ಸಾವಿರ ಅಡಿಗಿಂತ ಎತ್ತರದ ಬೆಟ್ಟಗಳನ್ನು ಮನ್ರೋಗಳೆಂದೇ ಕರೆಯುವುದರಿಂದ ಮಗನಿಗೆ ಬಹಳ ಆಸೆ ಹುಟ್ಟಿತು. ಆದರೆ ಅದು 1891ರಲ್ಲಿ ಬೆಟ್ಟಗಳ ಪಟ್ಟಿ ಮಾಡಿದ ಹ್ಯೂ ಮನ್ರೋ ಎಂಬ ಬೇರೊಬ್ಬನ ಹೆಸರು, ನಮ್ಮ ಗುಡ್ಡವಾದರೋ ಸಮುದ್ರ ಮಟ್ಟದಿಂದ ಅಳೆದರೂ ಆ ಪಟ್ಟಿಗೆ ಏರದು ಎಂದಾಗ ಸುಮ್ಮನಾದ.

ಊರಿಗೆ ಇಳಿದು ತಿಂದದ್ದು ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ. ಮಗ ಎರಡು ಮಿರ್ಚಿ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಮೂರನೆಯದನ್ನು ಕೇಳಿದ.

ಸಂಜೆ ಕೌಲ್ ಬಜಾರಿನ ಕಡೆ ಅಣ್ಣನ ಹೊಲಿಗೆ ಶೆಡ್ಡಿಗೆ ಹೋದೆವು. ಬಳ್ಳಾರಿಯ ಜೀನ್ಸ್ ಪ್ಯಾಂಟು ದೇಶದ ಯಾವ ಯಾವ ಪೇಟೆಗಳಲ್ಲೋ ಮಾರಾಟವಾಗುತ್ತದೆ, ಆದರೆ ಅದು ತಯಾರಾಗುವುದು ಹೆಚ್ಚಾಗಿ ಇಂಥ ಹತ್ತು ಹದಿನೈದು ಯಂತ್ರಗಳ ಶೆಡ್ಡುಗಳಲ್ಲಿಯೇ. ಕಟಿಂಗ್ ಮಾಸ್ಟರ್ ಹತ್ತಾರು ಪದರ ಬಟ್ಟೆಯನ್ನು ಒಮ್ಮೆಗೇ ಕತ್ತರಿಸುತ್ತಾನೆ. ಒಬ್ಬಳು ಜೇಬು, ಒಬ್ಬನು ಜಿಪ್ಪು, ಇನ್ನೊಬ್ಬನು ಬರೀ ಸೊಂಟಪಟ್ಟಿ ಹೊಲಿಯುತ್ತಾರೆ. ಕೂಲಿ ಪೀಸಿನ ಲೆಕ್ಕದಲ್ಲಿ. ಹೊಲಿದದ್ದು ವಾಶಿಂಗಿಗೆ ಹೋಗಿ ಬಂದ ಮೇಲೆಯೇ ನಾವು ಕಾಣುವ ಬಣ್ಣ. ಯಂತ್ರಗಳ ಸದ್ದಿನಲ್ಲಿ ಅಣ್ಣ ಗುಡ್ಡ ಹತ್ತಿದ ಸುದ್ದಿಯನ್ನು ಎಲ್ಲರಿಗೂ ಕೂಗಿ ಹೇಳಿದ. ಯಾರಿಗೂ ಅದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಜೇಬು ಹೊಲಿಯುತ್ತಿದ್ದವಳು ಮಾತ್ರ ತಲೆ ಎತ್ತದೆ, "ನಾವು ಸಣ್ಣೋರಿದ್ದಾಗ ದಿನಾ ಹತ್ತತಿದ್ವಿ ಬಿಡ್ರಿ" ಎಂದಳು.

ಭಾನುವಾರ

ಎರಡನೆಯ ದಿನವನ್ನು ಸಂಗನಕಲ್ಲಿಗೆ ಇಟ್ಟುಕೊಂಡಿದ್ದೆವು. ನಗರದಿಂದ ಹತ್ತು ಕಿಲೋಮೀಟರಿನೊಳಗೇ ಇರುವ ಈ ಊರಿನ ಸುತ್ತಲ ಗುಡ್ಡಗಳಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನ ನೆಲೆಸಿದ್ದರು. ಬಿ. ಸುಬ್ಬರಾವ್ 1940ರ ದಶಕದಲ್ಲಿ ಇಲ್ಲಿ ಅಗೆದರು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಇಂಗ್ಲೆಂಡಿನ ವಿದ್ವಾಂಸರು ಸೇರಿ ವರ್ಷಗಟ್ಟಲೆ ಕೆಲಸ ಮಾಡಿದರು. ಸಣ್ಣರಾಚಮ್ಮನ ಗುಡ್ಡದ ಮೇಲೆ ಆ ಜನ ಸಗಣಿಯ ರಾಶಿಗಳನ್ನು ಸುಟ್ಟ ಬೂದಿಯ ಪದರಗಳಿವೆ. ಇಂಥ ಬೂದಿದಿಬ್ಬಗಳು ಈ ಸೀಮೆಯಲ್ಲಿ ಹಲವಿವೆ. ಹೊಸಪೇಟೆ ರಸ್ತೆಯ ಕುಡತಿನಿಯದು ಪ್ರಸಿದ್ಧ, ಹಂಪಿಯ ಹತ್ತಿರದ ನಿಂಬಾಪುರದ್ದನ್ನು ವಾಲಿಯನ್ನು ದಹಿಸಿದ ಜಾಗವೆಂದು ಜನ ಹೇಳುತ್ತಾರೆ.

ನಾವು ಹತ್ತಿದ್ದು ಅದರ ಪಕ್ಕದ ಹಿರೇಗುಡ್ಡವನ್ನು. ದಾರಿ ತಪ್ಪಿ ಜಾಲಿಯ ಮುಳ್ಳಿನೊಳಗೆ ಸಿಕ್ಕಿಬಿದ್ದಾಗ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಬಂದು, "ಎಲ್ಲಿಗೆ ಹೊಂಟೀರಿ? ಚಿತ್ರ ನೋಡಾಕಾ?" ಎಂದು ಕೇಳಿ, ಕುರಿಗಳನ್ನು ಮೊಮ್ಮಗನಿಗೆ ಒಪ್ಪಿಸಿ ಮುಂದೆ ನಡೆದರು. ಕಣಶಿಲೆಯ ಗುಡ್ಡವನ್ನು ಸೀಳಿಕೊಂಡು ಡೋಲರೈಟಿನ ಕಪ್ಪು ಪಟ್ಟಿಯೊಂದು ಇಲ್ಲಿ ಹಾಯ್ದುಹೋಗಿದೆ. ಅದನ್ನು ಕಂಡೊಡನೆ ಮಗ ಹೆಸರು ಹಿಡಿದು ಕರೆದ, ಏಕೆಂದರೆ ಅವನ ಶಾಲೆಯ ಹಿಂದಿರುವ ಸಾಲ್ಸ್‌ಬರಿ ಕ್ರ್ಯಾಗ್ಸ್ ಎಂಬ ಕಡಿದಾದ ಬಂಡೆಯೂ ಅದೇ ಕಲ್ಲಿನದು. ಕೊಡಲಿ ಮಾಡಲು ಆ ಜನ ಆರಿಸಿಕೊಂಡದ್ದು ಈ ಕಲ್ಲನ್ನೇ; ಹಿರೇಗುಡ್ಡದ ಮೇಲೆ ಕೊಡಲಿಗಳನ್ನು ಒಡೆದು ರೂಪಿಸಿ ಉಜ್ಜಿ ಹರಿತಗೊಳಿಸುವ ದೊಡ್ಡ ಕಾರ್ಖಾನೆಯೇ ಇತ್ತು. ಕಾಲಿಟ್ಟಲ್ಲೆಲ್ಲ ಚಕ್ಕೆಗಳು. ಮಗ ಒಂದನ್ನು ಜೇಬಿಗೆ ಇಳಿಸುವುದನ್ನು ಕಂಡು, ಇಲ್ಲಿಂದ ಏನನ್ನೂ ಒಯ್ಯುವಂತಿಲ್ಲವೆಂದು ಗದರಿ ವಾಪಸು ಇಡಿಸಿದೆ.

ಕಪ್ಪು ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳು ನೂರಾರು. ಹೆಚ್ಚಿನವು ಉದ್ದ ಕೊಂಬಿನ, ಡುಬ್ಬವಿರುವ ಎತ್ತುಗಳು, ನಡುನಡುವೆ ಮನುಷ್ಯರು. ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫಾಸೆಟ್ 1892ರಲ್ಲಿಯೇ ಇವುಗಳ ಬಗ್ಗೆ ಬರೆದಿದ್ದ. ವಿದ್ವಾಂಸರು ಪಕ್ಕದ ಕಪ್ಪಗಲ್ಲಿನ ಹೆಸರಿನಿಂದ ಇವನ್ನು ಗುರುತಿಸುತ್ತಾರೆ. ಕೆಲವು ಚಿತ್ರಗಳು ನಿಲ್ಲಲು ಜಾಗವೇ ಇಲ್ಲದಂಥ ಕಡಿದಾದ ಕಡೆಗಳಲ್ಲಿವೆ, ನೇತಾಡುತ್ತಾ ಕೆತ್ತಿರಬೇಕು. ಮುದುಕರು ಚಿತ್ರಗಳ ಮುಂದೆ ಹೆಚ್ಚು ನಿಲ್ಲಗೊಡದೆ ಒಂದು ದುಂಡನೆಯ ಬಂಡೆಯ ಬಳಿಗೆ ಕರೆದುಕೊಂಡು ಹೋದರು. ಅದರ ಅಂಚಿನಲ್ಲಿ ಅಂಗೈ ಕೂರುವಷ್ಟು ಅಗಲದ ನುಣುಪಾದ ಗುಳಿಗಳಿದ್ದವು. ನೆಲದಿಂದ ಒಂದು ಹೆರಳೆಕಾಯಿ ಗಾತ್ರದ ಕಲ್ಲನ್ನೆತ್ತಿ ಮಗನ ಕೈಗೆ ಕೊಟ್ಟು, "ಬಡಿ ತಮ್ಮಾ, ಮೆಲ್ಲಕ" ಎಂದರು. ಬಡಿದ. ಕಲ್ಲಿಗೆ ಕಲ್ಲು ತಾಗಿದ ಸದ್ದಲ್ಲ ಅದು. ಗುಡಿಯ ಗಂಟೆಯನ್ನು ದೂರದಿಂದ ಕೇಳಿದಂತೆ ಕಂಚಿನ ದನಿ ಎದ್ದು, ಎದುರಿನ ಇಳಿಜಾರಿನವರೆಗೆ ಹೋಗಿ ನಿಂತಿತು. ಮೂರು ಗುಳಿಗಳಲ್ಲಿ ಮೂರು ಬೇರೆ ದನಿ. ಸಾವಿರಾರು ವರ್ಷಗಳಿಂದ ಜನ ಇಲ್ಲಿಯೇ ಬಡಿದು ಬಡಿದು ಗುಳಿ ಬಿದ್ದಿದೆ ಎಂಬುದು ನನಗೆ ಓದಿನಿಂದ ಗೊತ್ತಿತ್ತು, ಆದರೆ ಆ ಗುಳಿಯೊಳಗೆ ಬೆರಳಿಟ್ಟಾಗ ಸಿಕ್ಕ ನುಣುಪು, ನಮ್ಮ ಅಜ್ಜಿಯ ಒರಳಿನ ಒಳಮೈಯ ನುಣುಪೇ ಆಗಿತ್ತು.

ಈ ಗುಡ್ಡವನ್ನು ಕಲ್ಲುಗಣಿಗಾಗಿ ಒಡೆದ ಗುರುತುಗಳೂ ಅಲ್ಲಿಯೇ ಇವೆ. ಅವುಗಳ ಮುಂದೆ ಮುದುಕರು ಏನೂ ಹೇಳಲಿಲ್ಲ, ಕೈಯಲ್ಲಿದ್ದ ಕೋಲಿನಿಂದ ತೋರಿಸಿ ಮುಂದೆ ನಡೆದರು.

ಊರಿಗೆ ಮರಳಿ ಸಂಗನಕಲ್ಲು ವಸ್ತುಸಂಗ್ರಹಾಲಯ ನೋಡಿದೆವು. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ, ಮುಂದೆ ಬಳ್ಳಾರಿಯ ಈ ನೆಲೆಗಳನ್ನೂ ಬೆಳಕಿಗೆ ತಂದ ರಾಬರ್ಟ್ ಬ್ರೂಸ್ ಫೂಟ್ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಬೆಳಿಗ್ಗೆ ಚಕ್ಕೆಗಳನ್ನು ನೋಡಿದ್ದರಿಂದ ಇಲ್ಲಿ ಪೂರ್ತಿಗೊಂಡ ಕೊಡಲಿಗಳು ಬೇಗನೆ ಅರ್ಥವಾದವು. ಆ ಜನ ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರು ಎಂಬುದು ಮಣ್ಣಿನಲ್ಲಿ ಸಿಕ್ಕ ಸುಟ್ಟು ಕರಕಲಾದ ಕಾಳುಗಳಿಂದ ಗೊತ್ತಾಗಿದೆ ಎಂದು ಊಟದ ಹೊತ್ತಿಗೆ ನಾನು ಹೇಳಿದಾಗ, ಅತ್ತಿಗೆ ಜೋಳದ ರೊಟ್ಟಿಯ ಪಕ್ಕಕ್ಕೆ ಹುರುಳಿಕಟ್ಟಿನ ಸಾರು ಬಡಿಸುತ್ತಿದ್ದಳು. "ಹಂಗಾದ್ರ ಅವರು ನಮ್ಮ ಮಂದಿನೇ" ಎಂದು ಹೇಳಿ, ಮಗನಿಗೆ ಇನ್ನೊಂದು ಸೌಟು ಹಾಕಿದಳು.

ರಾತ್ರಿ ರೈಲಿಗೆ ಬಿಡಲು ಬಂದ ಅಣ್ಣ ಪ್ಲಾಟ್‌ಫಾರಂ ಮೇಲೆ ಮೊಣಕಾಲು ಉಜ್ಜಿಕೊಳ್ಳುತ್ತಾ, ಮುಂದಿನ ಸಲ ಕುಂಬಾರ ಗುಡ್ಡ ಹತ್ತೋಣ, ಎತ್ತರ ಯಾವುದೆಂದು ನಿನ್ನ ಅನುಮಾನ ಬಗೆಹರಿಯಲಿ ಎಂದ. ಗಾಡಿ ಹೊರಟ ಮೇಲೆ ಮಗ ನೋಟ್‌ಬುಕ್ ತೆಗೆದ. ಕೋಟೆಗೆ ಎಂಟು, ರೈಲಿಗೆ ಆರು, ಮಿರ್ಚಿಗೆ ಹತ್ತು. ಕಲ್ಲಿನ ಅಂಕಣದಲ್ಲಿ ಅಂಕ ಬರೆಯದೆ, ಸಂಗನಕಲ್ಲು ಎಂದು ಕನ್ನಡದಲ್ಲಿ ಹೇಗೆ ಬರೆಯುವುದು ಎಂದು ಕೇಳಿದ. ನಾನು ಟಿಕೆಟ್ಟಿನ ಹಿಂದೆ ಬರೆದು ತೋರಿಸಿದೆ. ಅವನು ಒಂದೊಂದೇ ಅಕ್ಷರ ನೋಡಿಕೊಂಡು ಇಳಿಸಿದ. ಕೊನೆಯ ಲ ಕಾರದ ಒತ್ತು ಬಿಟ್ಟುಹೋಯಿತು. ತಿದ್ದಬೇಕೆನ್ನುವಷ್ಟರಲ್ಲಿ ಎದುರಿನ ಬರ್ತಿನವರು ದೀಪ ಆರಿಸಿದರು.